ಅಪ್ಪನ ಲ್ಯಾಪ್‌ಟಾಪ್‌ಗೆ ಕ್ರೋಮ್‌ಒಎಸ್ ಹಾಕಿದ ಮೇಲೆ

ನಮ್ಮ ಮನೆಯಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ಫೋನ್ ಬರುವುದು ನನಗೆ. ಸಂಬಳ ಇಲ್ಲ, ರಜೆ ಇಲ್ಲ, ಆಗಲ್ಲ ಅನ್ನುವ ಹಾಗೂ ಇಲ್ಲ. ಅದರಲ್ಲಿ ಮುಕ್ಕಾಲು ಪಾಲು ಫೋನ್ ಅಪ್ಪನದು. "ಏನೋ ಬಂದಿದೆ ಕಣೋ ಸ್ಕ್ರೀನ್ ಮೇಲೆ, ಒತ್ಲಾ ಬೇಡ್ವಾ?" ಅಂತ. ಏನು ಬಂದಿದೆ ಸ್ವಲ್ಪ ಓದಿ ಹೇಳಿ ಅಂದರೆ, "ಇಂಗ್ಲಿಷಲ್ಲಿದೆ, ದೊಡ್ಡದಾಗಿದೆ, ಕೆಳಗೆ ಎರಡು ಬಟನ್ ಇದೆ" ಅನ್ನುವಷ್ಟರಲ್ಲಿ ಅದರಲ್ಲಿ ಒಂದನ್ನು ಒತ್ತಿಯೂ ಬಿಟ್ಟಿರುತ್ತಾರೆ.

ಅವರ ಲ್ಯಾಪ್‌ಟಾಪ್ 2014ರದ್ದು. 4 ಜಿಬಿ ರ‍್ಯಾಮ್, ಗರಗರ ತಿರುಗುವ ಹಳೇ ಹಾರ್ಡ್ ಡಿಸ್ಕ್. ಅದು ಆನ್ ಆಗಿ ಬ್ರೌಸರ್ ತೆರೆದುಕೊಳ್ಳುವಷ್ಟರಲ್ಲಿ ಅಪ್ಪ ಸ್ನಾನ ಮುಗಿಸಿ ಬರುತ್ತಿದ್ದರು. ಸುಮ್ನೆ ಹೇಳುತ್ತಿಲ್ಲ, ಬಟನ್ ಒತ್ತಿ ಬಚ್ಚಲಿಗೆ ಹೋಗುವುದು ಅವರಿಗೆ ಅಭ್ಯಾಸವೇ ಆಗಿಹೋಗಿತ್ತು. ತಪ್ಪು ವಿಂಡೋಸ್‌ದು ಅಂತಲ್ಲ, ಮೆಷಿನ್‌ಗೆ ವಯಸ್ಸಾಗಿತ್ತು. ಕೊನೆಗೆ 2022ರಲ್ಲಿ ಒಂದು ಭಾನುವಾರ ಕೂತು ವಿಂಡೋಸ್ ತೆಗೆದು ಅದರ ಜಾಗಕ್ಕೆ ಗೂಗಲ್‌ನ ಕ್ರೋಮ್‌ಒಎಸ್ ಫ್ಲೆಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಅವತ್ತಿನಿಂದ ಅದೇ ಓಡುತ್ತಿದೆ.

ಈಗ ಇದನ್ನೆಲ್ಲ ಬರೆಯಲು ಕಾರಣ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಮೈಕ್ರೋಸಾಫ್ಟ್‌ನವರ ಪಟ್ಟಿಯಲ್ಲೇ ಇರಬೇಕು. ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪ್‌ಗಳು ಹೊರಗೆ ಉಳಿದವು. ಆಮೇಲಿಂದ ಗೊತ್ತಿರುವವರೆಲ್ಲ ಕೇಳುವುದು ಒಂದೇ, "ನಿಮ್ಮಪ್ಪಂಗೆ ಏನೋ ಹಾಕ್ಕೊಟ್ಟಿದ್ಯಲ್ಲ, ನಂದಕ್ಕೂ ಹಾಕ್ಬಹುದಾ?" ಒಬ್ಬೊಬ್ಬರಿಗೂ ಫೋನಲ್ಲಿ ಅರ್ಧರ್ಧ ಗಂಟೆ ಹೇಳಿ ಸಾಕಾಯಿತು. ಒಂದೇ ಸಲ ಇಲ್ಲಿ ಬರೆದು ಹಾಕುತ್ತೇನೆ, ಇನ್ನು ಮೇಲೆ ಕೇಳಿದವರಿಗೆ ಲಿಂಕ್ ಕಳಿಸಿದರೆ ಆಯಿತು.

ಕ್ರೋಮ್‌ಒಎಸ್ ಅಂದರೆ ಗೂಗಲ್‌ನವರು 2009ರ ಜುಲೈನಲ್ಲಿ ಮಾಡುತ್ತೇವೆ ಅಂತ ಹೇಳಿದ್ದು. ಅದನ್ನು ಹಾಕಿದ ಮೊದಲ ಲ್ಯಾಪ್‌ಟಾಪ್‌ಗಳು, ಅಂದರೆ ಕ್ರೋಮ್‌ಬುಕ್‌ಗಳು, 2011ರ ಜೂನ್‌ನಲ್ಲಿ ಸ್ಯಾಮ್‌ಸಂಗ್ ಮತ್ತು ಏಸರ್‌ನಿಂದ ಬಂದವು. ಯೋಚನೆ ಸರಳ. ಜನ ಕಂಪ್ಯೂಟರ್ ಆನ್ ಮಾಡುವುದೇ ಬ್ರೌಸರ್ ತೆರೆಯಲು, ಹಾಗಿದ್ದ ಮೇಲೆ ಬ್ರೌಸರನ್ನೇ ಕಂಪ್ಯೂಟರ್ ಮಾಡಿಬಿಟ್ಟರೆ? ಒಳಗಡೆ ಇರುವುದು ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್ ಅನ್ನುವ ಉಚಿತ ಸಿಸ್ಟಮ್‌ನ ತಿರುಳು. ಮೇಲೆ ಕಾಣುವುದು ಕ್ರೋಮ್. ಯೋಚನೆ ಗೂಗಲ್‌ನದ್ದೇ ಅಂತೇನಿಲ್ಲ. 1996ರ ಸುಮಾರಿಗೇ ಒರಾಕಲ್‌ನ ಲ್ಯಾರಿ ಎಲಿಸನ್ ನೆಟ್‌ವರ್ಕ್ ಕಂಪ್ಯೂಟರ್ ಅಂತ ಇಂಥದ್ದೇ ಒಂದನ್ನು ಹಿಡಿದುಕೊಂಡು ಓಡಾಡಿದ್ದರು. ಆಗ ನೆಟ್ ಬರುತ್ತಿದ್ದದ್ದು ಕುಯ್ಯೋ ಅನ್ನುವ ಡಯಲ್‌ಅಪ್ ಮೋಡೆಮ್‌ನಲ್ಲಿ, ಎಲ್ಲಿಂದ ನಡೆಯಬೇಕು!

ಫ್ಲೆಕ್ಸ್ ಅನ್ನುವುದು ಇದರ ತಮ್ಮ. ನೆವರ್‌ವೇರ್ ಅನ್ನುವ ಕಂಪನಿ ಹಳೇ ಕಂಪ್ಯೂಟರ್‌ಗಳಿಗಾಗಿ ಕ್ಲೌಡ್‌ರೆಡಿ ಅಂತ ಒಂದು ಸಿಸ್ಟಮ್ ಮಾಡಿತ್ತು. ಗೂಗಲ್ 2020ರ ಕೊನೆಗೆ ಅದನ್ನು ಕೊಂಡುಕೊಂಡು 2022ರಲ್ಲಿ ಕ್ರೋಮ್‌ಒಎಸ್ ಫ್ಲೆಕ್ಸ್ ಅಂತ ಬಿಟ್ಟಿತು. ದುಡ್ಡು ಕೊಡಬೇಕಿಲ್ಲ. ಇಂಟೆಲ್ ಅಥವಾ ಎಎಂಡಿಯ 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 16 ಜಿಬಿ ಜಾಗ ಇದ್ದರೆ ಸಾಕು. 2010ಕ್ಕಿಂತ ಹಳೆಯದಾದರೆ ಕೈ ಹಾಕದಿರುವುದೇ ಒಳ್ಳೆಯದು.

ಹಾಕುವುದು ಕಷ್ಟ ಅಲ್ಲ. ಬೇರೆ ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಕ್ರೋಮ್‌ಬುಕ್ ರಿಕವರಿ ಯುಟಿಲಿಟಿ ಅನ್ನುವ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಮ್) ಹಾಕಿಕೊಳ್ಳಬೇಕು, 8 ಜಿಬಿಯ ಒಂದು ಪೆನ್‌ಡ್ರೈವ್ ಚುಚ್ಚಬೇಕು, ಅದು ತಾನೇ ಎಲ್ಲ ಇಳಿಸಿಕೊಂಡು ಬರೆಯುತ್ತದೆ. ಆಮೇಲೆ ಹಳೇ ಲ್ಯಾಪ್‌ಟಾಪ್‌ಗೆ ಆ ಪೆನ್‌ಡ್ರೈವ್ ಹಾಕಿ ಅದರಿಂದ ಬೂಟ್ ಮಾಡಬೇಕು, ಅಂದರೆ ಒಳಗಿನ ಡಿಸ್ಕ್ ಬದಲು ಅದರಿಂದ ಆನ್ ಆಗುವ ಹಾಗೆ ಮಾಡಬೇಕು. ಇನ್‌ಸ್ಟಾಲ್ ಮಾಡದೇ ಸುಮ್ನೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡುವ ಆಯ್ಕೆಯೂ ಇದೆ. ಅದನ್ನು ದಯವಿಟ್ಟು ಬಳಸಿಕೊಳ್ಳಿ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಕ್ಯಾಮೆರಾ ಕೆಲಸ ಮಾಡುತ್ತಾ, ಮುಚ್ಚಳ ಮುಚ್ಚಿ ತೆರೆದರೆ ಏಳುತ್ತಾ ಅಂತ ಅಲ್ಲೇ ಗೊತ್ತಾಗುತ್ತದೆ. ಫಿಂಗರ್‌ಪ್ರಿಂಟ್ ಮಾತ್ರ ಮರೆತುಬಿಡಿ, ಫ್ಲೆಕ್ಸ್‌ನಲ್ಲಿ ಅದು ಇಲ್ಲ.

ಒಂದು ಕಡೆ ಮಾತ್ರ ಜೋಪಾನ. ಇನ್‌ಸ್ಟಾಲ್ ಅಂತ ಒತ್ತಿದರೆ ಇಡೀ ಡಿಸ್ಕ್ ಅಳಿಸಿಹೋಗುತ್ತದೆ. ವಿಂಡೋಸ್ ಪಕ್ಕದಲ್ಲಿ ಇದನ್ನೂ ಇಟ್ಟುಕೊಳ್ಳೋಣ ಅನ್ನುವುದಕ್ಕೆ ಅವಕಾಶ ಇಲ್ಲ. ನಮ್ಮಲ್ಲಿ ಎಷ್ಟೋ ಜನರ ತಲೆಯಲ್ಲಿ ಇರುವುದು ಏನು ಅಂದರೆ, ಫಾರ್ಮ್ಯಾಟ್ ಆದರೆ ಹೋಗುವುದು ಸಿ ಡ್ರೈವ್, ಡಿ ಡ್ರೈವ್‌ನಲ್ಲಿ ಇಟ್ಟಿದ್ದು ಸೇಫ್. ಅಪ್ಪನೂ ಹಾಗೇ ಅಂದುಕೊಂಡಿದ್ದರು. "ಫೋಟೋ ಎಲ್ಲ ಡಿನಲ್ಲಿದೆ, ನೀನು ಹಾಕು" ಅಂದರು. ನಾನು ಮೌಸ್ ಅನ್ನು ಬಟನ್ ಮೇಲೆ ತಂದವನು ಯಾಕೋ ನಿಲ್ಲಿಸಿ, ಎಲ್ಲವನ್ನೂ ಒಂದು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿಕೊಂಡೆ. ಅವತ್ತು ಮಾಡದೇ ಇದ್ದಿದ್ದರೆ ಈ ಪೋಸ್ಟ್ ಬೇರೆ ಥರ ಇರುತ್ತಿತ್ತು.

ವೇಗದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಈಗ ಅದು ಅರ್ಧ ನಿಮಿಷದೊಳಗೆ ಆನ್ ಆಗುತ್ತದೆ. ಕೇಳಿದವರೆಲ್ಲ ಆಹಾ ಅನ್ನುತ್ತಾರೆ. ಆದರೆ ಅದೇ ದಿನ ಹಾರ್ಡ್ ಡಿಸ್ಕ್ ಕಿತ್ತು ಎಸ್‌ಎಸ್‌ಡಿಯನ್ನೂ (ತಿರುಗುವ ಭಾಗಗಳಿಲ್ಲದ, ತುಂಬಾ ವೇಗದ ಡಿಸ್ಕ್) ಹಾಕಿದ್ದೆ. ಹಾಗಾಗಿ ಅರ್ಧ ಕೀರ್ತಿ, ಬಹುಶಃ ಅರ್ಧಕ್ಕಿಂತ ಜಾಸ್ತಿಯೇ, ಎಸ್‌ಎಸ್‌ಡಿಗೆ ಸಲ್ಲಬೇಕು. ಫ್ಲೆಕ್ಸ್ ಹಾಕಿ ಮೆಷಿನ್ ರಾಕೆಟ್ ಆಯಿತು ಅಂತ ಯಾರಾದರೂ ಹೇಳಿದರೆ ಡಿಸ್ಕ್ ಯಾವುದು ಅಂತ ಒಂದು ಮಾತು ಕೇಳಿ.

ನನಗೆ ನಿಜವಾಗಿ ಸಿಕ್ಕ ಲಾಭ ಬೇರೆ. ಇಷ್ಟು ದಿನ ನೋಡಿದ ಮೇಲೆ ನನಗೆ ಅನ್ನಿಸುವುದು, ಈ ಸಿಸ್ಟಮ್ ಮಾಡಿರುವುದು ಬಳಸುವವರಿಗಿಂತ ಹೆಚ್ಚಾಗಿ ಅದನ್ನು ನೋಡಿಕೊಳ್ಳುವವರಿಗೆ. ನನ್ನಂಥವರಿಗೆ. ಅಮೆರಿಕದ ಶಾಲೆಗಳಲ್ಲಿ ಕ್ರೋಮ್‌ಬುಕ್ ಅಷ್ಟೊಂದು ತುಂಬಿಕೊಂಡಿರುವುದಕ್ಕೂ ಅಗ್ಗದ ಜೊತೆಗೆ ಇದೇ ಕಾರಣ. ಸಾವಿರ ಲ್ಯಾಪ್‌ಟಾಪ್‌ಗಳನ್ನು ಒಬ್ಬರೇ ಒಂದು ಕಡೆ ಕೂತು ನಿಭಾಯಿಸಬಹುದು.

ಅಪ್‌ಡೇಟ್ ವಿಷಯವನ್ನೇ ತೆಗೆದುಕೊಳ್ಳಿ. ಇದರಲ್ಲಿ ಸಿಸ್ಟಮ್‌ನ ಎರಡು ಪ್ರತಿ ಇರುತ್ತವೆ. ನೀವು ಒಂದರಲ್ಲಿ ಕೆಲಸ ಮಾಡುತ್ತಿರುವಾಗ ಹೊಸ ಆವೃತ್ತಿ ಸದ್ದಿಲ್ಲದೇ ಇನ್ನೊಂದರ ಮೇಲೆ ಬರೆದುಕೊಳ್ಳುತ್ತದೆ. ಮುಂದಿನ ಸಲ ಆಫ್ ಮಾಡಿ ಆನ್ ಮಾಡಿದಾಗ ಆ ಇನ್ನೊಂದರಿಂದ ಏಳುತ್ತದೆ. ಹೊಸದು ಸರಿಯಾಗಿ ಏಳಲಿಲ್ಲ ಅಂದರೆ ವಾಪಸ್ ಹಳೆಯದಕ್ಕೇ ಹೋಗುತ್ತದೆ. "ಆಫ್ ಮಾಡಬೇಡಿ, 37 ಪರ್ಸೆಂಟ್" ಅಂತ ನೀಲಿ ಪರದೆ ನೋಡುತ್ತಾ ಕೂರುವುದು ಇಲ್ಲ. ಅಪ್ಪನಿಗೆ ಅಪ್‌ಡೇಟ್ ಅನ್ನುವುದೊಂದು ಇದೆ ಅಂತಲೇ ಗೊತ್ತಿಲ್ಲ.

ಇನ್ನೊಂದು, ಎಕ್ಸ್ಇ ಫೈಲ್, ಅಂದರೆ ವಿಂಡೋಸ್‌ಗೆ ಮಾಡಿದ ಪ್ರೋಗ್ರಾಮ್, ಓಡುವುದೇ ಇಲ್ಲ. ಮೇಲ್‌ನಲ್ಲಿ ಯಾರೋ ಕಳಿಸಿದ ಇನ್‌ವಾಯ್ಸ್ ಅಂತ ಡಬಲ್ ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ, ಅಷ್ಟೇ. ಸಿಸ್ಟಮ್ ಇರುವ ಭಾಗಕ್ಕೆ ಬರೆಯಲು ಸಾಮಾನ್ಯ ಪ್ರೋಗ್ರಾಮ್‌ಗಳಿಗೆ ಅನುಮತಿಯೇ ಇಲ್ಲ. ಅಸಲಿ ಕ್ರೋಮ್‌ಬುಕ್‌ನಲ್ಲಾದರೆ ಪ್ರತಿ ಸಲ ಆನ್ ಆಗುವಾಗಲೂ ಒಂದೊಂದು ಹಂತದ ಸಹಿ ನೋಡಿಕೊಂಡು, ಯಾರೂ ಕೈ ಆಡಿಸಿಲ್ಲ ಅಂತ ಖಾತ್ರಿ ಆದ ಮೇಲೇ ಮುಂದೆ ಹೋಗುತ್ತದೆ. ಫ್ಲೆಕ್ಸ್ ಹಾಕಿದ ಮೆಷಿನ್‌ನಲ್ಲಿ ಇದಕ್ಕೆ ಬೇಕಾದ ಗೂಗಲ್‌ನ ಭದ್ರತಾ ಚಿಪ್ ಇರುವುದಿಲ್ಲ, ಹಾಗಾಗಿ ಅಷ್ಟು ಗಟ್ಟಿ ಕಾವಲು ಇಲ್ಲ. ಆದರೂ ಹಳೇ ಮೆಷಿನ್‌ನಲ್ಲಿ ಸಪೋರ್ಟ್ ಮುಗಿದ ವಿಂಡೋಸ್ ಇಟ್ಟುಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಹಾಗಂತ ಏನೂ ಕೆಡುವುದಿಲ್ಲ ಅಂತ ಅಲ್ಲ. 2021ರ ಜುಲೈನಲ್ಲಿ ಕ್ರೋಮ್‌ಒಎಸ್ 91ರ ಒಂದು ಅಪ್‌ಡೇಟ್ ಬಂದು ಜನ ತಮ್ಮ ತಮ್ಮ ಲ್ಯಾಪ್‌ಟಾಪ್‌ಗೇ ಲಾಗಿನ್ ಆಗಲು ಆಗದೇ ಪರದಾಡಿದರು. ಪಾಸ್‌ವರ್ಡ್ ಸರಿಯಾಗಿಯೇ ಹಾಕಿದರೂ ಒಪ್ಪುತ್ತಿರಲಿಲ್ಲ. ಕೊನೆಗೆ ನೋಡಿದರೆ ಕೋಡ್‌ನಲ್ಲಿ ಎರಡು 'ಆಂಡ್' (&) ಚಿಹ್ನೆ ಇರಬೇಕಾದ ಕಡೆ ಒಂದೇ ಇತ್ತು! ಒಂದು ಅಕ್ಷರ ಬಿಟ್ಟುಹೋಗಿದ್ದಕ್ಕೆ ಇಷ್ಟು. ಎಲ್ಲರಿಗೂ ತಾನಾಗಿಯೇ ಅಪ್‌ಡೇಟ್ ಬರುತ್ತದೆ ಅಂದರೆ ಎಲ್ಲರಿಗೂ ತಾನಾಗಿಯೇ ತಪ್ಪೂ ಬರುತ್ತದೆ. ಬೇಡ, ಈ ಸಲದ್ದು ಬಿಡು ಅಂತ ಹೇಳಲು ಮಾಮೂಲಿ ಬಳಕೆದಾರನ ಕೈಯಲ್ಲಿ ದಾರಿ ಇಲ್ಲ.

ಈಗ ಹಗುರ ಅನ್ನುವ ಮಾತಿಗೆ ಬರೋಣ. ಹಗುರವಾದ ಆಪರೇಟಿಂಗ್ ಸಿಸ್ಟಮ್ ಅಂತ ಎಲ್ಲ ಕಡೆ ಬರೆಯುತ್ತಾರೆ. ನಿಜ, ಸಿಸ್ಟಮ್ ಹಗುರ. ಆದರೆ ವೆಬ್ ಹಗುರ ಅಲ್ಲವಲ್ಲ! ಒಂದು ಸುದ್ದಿ ಸೈಟ್ ತೆರೆದರೆ ಮೂರು ವಿಡಿಯೋ ತಾವೇ ಓಡಲು ಶುರು ಮಾಡುತ್ತವೆ, ಪಕ್ಕದಲ್ಲಿ ಜಾಹೀರಾತು ಕುಣಿಯುತ್ತದೆ. ಮೇಲ್, ಮ್ಯಾಪ್, ಸ್ಪ್ರೆಡ್‌ಶೀಟ್, ಒಂದು ವಿಡಿಯೋ ಕಾಲ್, ಇಷ್ಟು ತೆರೆದರೆ 4 ಜಿಬಿ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ರ‍್ಯಾಮ್ ತುಂಬಿದಾಗ ಅದು ಒಳಗಿನದನ್ನು ಒತ್ತಿ ಒತ್ತಿ ಚಿಕ್ಕದು ಮಾಡಿ ಇಟ್ಟುಕೊಳ್ಳುತ್ತದೆ. ಅದಕ್ಕೂ ಜಾಗ ಸಾಲದೇ ಹೋದರೆ ಬಹಳ ಹೊತ್ತಿನಿಂದ ನೋಡದ ಟ್ಯಾಬ್‌ಗಳನ್ನು ಬಿಟ್ಟುಬಿಡುತ್ತದೆ. ಟ್ಯಾಬ್‌ನ ಹೆಸರು ಮೇಲೆ ಹಾಗೇ ಕಾಣುತ್ತಿರುತ್ತದೆ, ಒಳಗೆ ಏನೂ ಇರುವುದಿಲ್ಲ. ಅದರ ಮೇಲೆ ಒತ್ತಿದರೆ ಪೇಜ್ ಮತ್ತೆ ಮೊದಲಿನಿಂದ ಲೋಡ್ ಆಗುತ್ತದೆ.

ಇದರ ಬಿಸಿ ತಟ್ಟಿದ್ದು ಒಂದು ಅರ್ಜಿ ತುಂಬುವಾಗ. ನಾಲ್ಕು ಪುಟದ ಫಾರ್ಮ್. ಅಪ್ಪ ಒಂದೊಂದೇ ಬೆರಳಲ್ಲಿ ಟೈಪ್ ಮಾಡುತ್ತಾ ಮೂರನೇ ಪುಟಕ್ಕೆ ಬಂದಿದ್ದಾರೆ. ನಡುವೆ ಯಾವುದೋ ನಂಬರ್ ಬೇಕು ಅಂತ ಮೇಲ್ ತೆರೆದರು, ಮೇಲ್‌ನಲ್ಲಿದ್ದ ಒಂದು ಪಿಡಿಎಫ್ ತೆರೆದರು, ಅಲ್ಲಿಂದ ಒಂದು ವಿಡಿಯೋಗೆ ಹೋದರು, ಸ್ವಲ್ಪ ಹೊತ್ತು ಅದನ್ನೇ ನೋಡಿದರು. ವಾಪಸ್ ಬಂದು ನೋಡಿದರೆ ಫಾರ್ಮ್ ಮೊದಲನೇ ಪುಟದಲ್ಲಿ, ಖಾಲಿ. ಅವರು ಏನೂ ಮಾತಾಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದರು. ಆ ಸೈಟ್ ನಡುನಡುವೆ ತುಂಬಿದ್ದನ್ನು ಉಳಿಸಿಕೊಳ್ಳುವ ಹಾಗೆ ಮಾಡಿದ್ದರೆ ಹೀಗೆ ಆಗುತ್ತಿರಲಿಲ್ಲ, ಆದರೆ ಎಷ್ಟು ಸೈಟ್ ಹಾಗಿರುತ್ತವೆ? ಮಾರನೇ ವಾರ 4 ಜಿಬಿಯ ಇನ್ನೊಂದು ರ‍್ಯಾಮ್ ತುಂಡು ಹಾಕಿಸಿದೆ. ಕನಿಷ್ಠ 4 ಜಿಬಿ ಅಂತ ಗೂಗಲ್‌ನವರು ಬರೆದಿರುವುದನ್ನು ಕನಿಷ್ಠ 8 ಅಂತ ಓದಿಕೊಳ್ಳಿ.

ನೆಟ್ ಇಲ್ಲದಿದ್ದರೆ ಇದು ಬರೀ ಇಟ್ಟಿಗೆ ಅನ್ನುವ ಮಾತು ಹಳೆಯದಾಯಿತು. ಗೂಗಲ್ ಡಾಕ್ಸ್‌ನಲ್ಲಿ ಆಫ್‌ಲೈನ್ ಅನ್ನುವುದನ್ನು ಮೊದಲೇ ಆನ್ ಮಾಡಿಟ್ಟಿದ್ದರೆ ನೆಟ್ ಇಲ್ಲದೆಯೂ ಬರೆಯಬಹುದು, ಇಳಿಸಿಕೊಂಡ ಹಾಡು, ಸಿನಿಮಾ, ಪಿಡಿಎಫ್ ನೋಡಬಹುದು. ಮೊದಲೇ ಅನ್ನುವುದು ಮುಖ್ಯ. ನೆಟ್ ಹೋದ ಮೇಲೆ ಆನ್ ಮಾಡಲು ಆಗುವುದಿಲ್ಲ.

ವೈರಸ್ ಬರಲ್ಲ ಅಂತ ನಾನೇ ಅಪ್ಪನಿಗೆ ಹೇಳಿದ್ದೆ. ಎರಡು ತಿಂಗಳಾದ ಮೇಲೆ ಫೋನ್ ಬಂತು. "ನೀನು ಬರಲ್ಲ ಅಂದ್ಯಲ್ಲ, ಐದು ವೈರಸ್ ಬಂದಿದೆಯಂತೆ ನೋಡು." ಗಾಬರಿಯಾಗಿ ಹೋಗಿ ನೋಡಿದರೆ ಪರದೆಯ ಮೂಲೆಯಲ್ಲಿ ಪಟಪಟ ಅಂತ ಡಬ್ಬಿಗಳು ಬರುತ್ತಿವೆ. ಕೆಂಪು ತ್ರಿಕೋನ, ನಿಮ್ಮ ವಿಂಡೋಸ್‌ನಲ್ಲಿ 5 ವೈರಸ್ ಸಿಕ್ಕಿವೆ, ತಕ್ಷಣ ಇಲ್ಲಿ ಒತ್ತಿ. ವಿಂಡೋಸೇ ಇಲ್ಲದ ಕಂಪ್ಯೂಟರ್‌ನಲ್ಲಿ ವಿಂಡೋಸ್‌ಗೆ ವೈರಸ್! ಆಗಿದ್ದು ಇಷ್ಟೇ, ಯಾವುದೋ ಸೈಟ್ ನೋಟಿಫಿಕೇಶನ್ ಕಳಿಸಲಾ ಅಂತ ಕೇಳಿದೆ, ಇವರು ಹೂಂ ಅಂತ ಒತ್ತಿದ್ದಾರೆ. ಕ್ರೋಮ್ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವಸಿಯ ಕೆಳಗೆ ಸೈಟ್ ಸೆಟ್ಟಿಂಗ್ಸ್, ಅಲ್ಲಿ ನೋಟಿಫಿಕೇಶನ್ಸ್, ಅಲ್ಲಿದ್ದ ಆ ಸೈಟ್ ಕಿತ್ತುಹಾಕಿದೆ. ಹಾಗೇ ಯಾವ ಸೈಟೂ ಇನ್ನು ಮೇಲೆ ಕೇಳಲೇಬಾರದು ಅಂತಲೂ ಒತ್ತಿದೆ. ಅಲ್ಲಿಗೆ ಐದೂ ವೈರಸ್ ಸತ್ತವು.

ನಗುವ ವಿಷಯವೇ, ಆದರೆ ಪೂರ್ತಿ ಅಲ್ಲ. ಸಿಸ್ಟಮ್ ಎಷ್ಟೇ ಭದ್ರ ಇದ್ದರೂ ಮೋಸ ಮಾಡುವವರು ಈಗ ಸಿಸ್ಟಮ್‌ಗೆ ಕನ್ನ ಹಾಕುವುದಿಲ್ಲ, ಮನುಷ್ಯನಿಗೇ ಹಾಕುತ್ತಾರೆ. ನಕಲಿ ಬ್ಯಾಂಕ್ ಪೇಜ್‌ಗೆ ನೀವು ಯಾವ ಕಂಪ್ಯೂಟರ್‌ನಿಂದ ಬಂದಿರಿ ಅನ್ನುವುದು ಬೇಕಾಗಿಲ್ಲ. ಇನ್ನು ಎಕ್ಸ್‌ಟೆನ್ಶನ್‌ಗಳು. ಕ್ರೋಮ್‌ಒಎಸ್‌ನಲ್ಲಿ ವೈರಸ್ ಅನ್ನುವ ಪದಕ್ಕೆ ಅರ್ಥ ಇದ್ದರೆ ಅದು ಕೆಟ್ಟ ಎಕ್ಸ್‌ಟೆನ್ಶನ್. ಎಲ್ಲ ಸೈಟ್‌ಗಳನ್ನು ಓದುವ ಅನುಮತಿ ಕೊಟ್ಟುಬಿಟ್ಟರೆ ನೀವು ಏನು ನೋಡುತ್ತೀರಿ, ಏನು ಟೈಪ್ ಮಾಡುತ್ತೀರಿ, ಎಲ್ಲ ಅದಕ್ಕೆ ಕಾಣುತ್ತದೆ. ಅಪ್ಪನದರಲ್ಲಿ ಜಾಹೀರಾತು ತಡೆಯುವ ಒಂದನ್ನು ಬಿಟ್ಟು ಬೇರೆ ಏನೂ ಇಲ್ಲ.

ಆ ಒಂದರ ಬಗ್ಗೆಯೂ ನನಗೆ ಬೇಜಾರಿದೆ. ಗೂಗಲ್ ಎಕ್ಸ್‌ಟೆನ್ಶನ್‌ಗಳ ನಿಯಮ ಬದಲಾಯಿಸಿದ ಮೇಲೆ ಯುಬ್ಲಾಕ್ ಒರಿಜಿನ್ ಕ್ರೋಮ್‌ನಲ್ಲಿ ಓಡುವುದು ನಿಂತಿತು, ಈಗ ಇರುವುದು ಅದರ ಲೈಟ್ ಅನ್ನುವ ತೆಳು ರೂಪ. ಬೇರೆ ಕಂಪ್ಯೂಟರ್ ಆಗಿದ್ದರೆ ಸರಿ ಬಿಡಪ್ಪ ಅಂತ ಫೈರ್‌ಫಾಕ್ಸ್‌ಗೆ ಹೋಗಬಹುದು. ಇಲ್ಲಿ ಬ್ರೌಸರೇ ಕಂಪ್ಯೂಟರ್. ಎಲ್ಲಿಗೆ ಹೋಗುತ್ತೀರಿ? ಫೈರ್‌ಫಾಕ್ಸ್ ಹಾಕಲೇ ಆಗುವುದಿಲ್ಲ ಅಂತಲ್ಲ, ಸೆಟ್ಟಿಂಗ್ಸ್‌ನಲ್ಲಿ ಲಿನಕ್ಸ್ ಆನ್ ಮಾಡಿದರೆ ಒಳಗೆ ಡೆಬಿಯನ್ ಅನ್ನುವ ಒಂದು ಪುಟ್ಟ ಲಿನಕ್ಸ್ ಬರುತ್ತದೆ, ಅದರಲ್ಲಿ ಫೈರ್‌ಫಾಕ್ಸ್, ಲಿಬ್ರೆಆಫೀಸ್, ಗಿಂಪ್ ಎಲ್ಲ ಹಾಕಬಹುದು. 2018ರಿಂದ ಈ ಸೌಲಭ್ಯ ಇದೆ, ಚೆನ್ನಾಗಿಯೂ ಇದೆ. ಆದರೆ ಅದು ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಓಡಿಸಿದ ಹಾಗೆ, ರ‍್ಯಾಮ್ ಕಡಿಮೆ ಇರುವ ಹಳೇ ಮೆಷಿನ್‌ನಲ್ಲಿ ಏದುಸಿರು ಬಿಡುತ್ತದೆ. ಫ್ಲೆಕ್ಸ್ ಹಾಕಿದ ಎಲ್ಲ ಮಾಡೆಲ್‌ಗಳಲ್ಲಿ ಇದು ಸಿಗುವುದೂ ಇಲ್ಲ. ಆಂಡ್ರಾಯ್ಡ್ ಆಪ್‌ಗಳು ಕ್ರೋಮ್‌ಬುಕ್‌ನಲ್ಲಿ ಓಡುತ್ತವೆ, ಫ್ಲೆಕ್ಸ್‌ನಲ್ಲಿ ಪ್ಲೇ ಸ್ಟೋರೇ ಇಲ್ಲ. ತುಂಬಾ ಜನ ಇದು ಗೊತ್ತಿಲ್ಲದೇ ಹಾಕಿಸಿಕೊಂಡು ಆಮೇಲೆ ಕೇಳುತ್ತಾರೆ.

ಇನ್ನು ನಾನು ಮಾಡಿಕೊಂಡ ಎಡವಟ್ಟು. ಎಲ್ಲ ಕ್ಲೌಡ್‌ನಲ್ಲಿದೆ, ಲ್ಯಾಪ್‌ಟಾಪ್ ಬಾವಿಗೆ ಬಿದ್ದರೂ ಪರವಾಗಿಲ್ಲ ಅಂತ ನಂಬಿಕೊಂಡಿದ್ದೆ. ಅದು ಅರ್ಧ ಸತ್ಯ. ಬುಕ್‌ಮಾರ್ಕ್, ಪಾಸ್‌ವರ್ಡ್, ಗೂಗಲ್ ಡ್ರೈವ್‌ನಲ್ಲಿ ಇಟ್ಟ ಫೈಲ್, ಇವು ಅಕೌಂಟ್ ಜೊತೆ ಇರುತ್ತವೆ. ಡೌನ್‌ಲೋಡ್ಸ್ ಫೋಲ್ಡರ್ ಮಾತ್ರ ಆ ಲ್ಯಾಪ್‌ಟಾಪ್‌ನಲ್ಲಷ್ಟೇ ಇರುತ್ತದೆ. ಅಪ್ಪ ಸ್ಕ್ಯಾನ್ ಮಾಡಿದ ಹಳೇ ಕಾಗದಪತ್ರ ಎಲ್ಲ ಅಲ್ಲೇ ಬಿಟ್ಟಿದ್ದರು.

2022ರ ಕೊನೆಗೆ ಅವರು ಗೂಗಲ್ ಪಾಸ್‌ವರ್ಡ್ ಮರೆತು ಫೋನ್‌ನಲ್ಲಿ ಬದಲಾಯಿಸಿಕೊಂಡರು. ಮಾರನೇ ದಿನ ಲ್ಯಾಪ್‌ಟಾಪ್ ತೆರೆದು ಹೊಸ ಪಾಸ್‌ವರ್ಡ್ ಹಾಕಿದರೆ, ನಿಮ್ಮ ಹಳೇ ಪಾಸ್‌ವರ್ಡ್ ಕೊಡಿ ಅಂತ ಕೇಳುತ್ತಿದೆ. "ಮರೆತಿದ್ದಕ್ಕೇ ತಾನೇ ಬದಲಾಯಿಸಿದ್ದು, ಮತ್ತೆ ಅದನ್ನೇ ಕೇಳಿದ್ರೆ?" ಅಂದರು. ಮಾತು ನ್ಯಾಯವಾಗಿಯೇ ಇತ್ತು. ಡಿಸ್ಕ್‌ನಲ್ಲಿರುವುದಕ್ಕೆಲ್ಲ ಬೀಗ ಹಾಕಿರುತ್ತದೆ, ಆ ಬೀಗಕ್ಕೆ ಹಳೇ ಪಾಸ್‌ವರ್ಡೇ ಕೀಲಿ. ಕಳ್ಳ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದರೂ ಒಳಗಿನದು ಸಿಗಬಾರದು ಅಂತ ಮಾಡಿರುವ ಏರ್ಪಾಡು. ಕಳ್ಳನಿಗೂ ಸಿಗಲ್ಲ, ಮರೆತ ಯಜಮಾನನಿಗೂ ಸಿಗಲ್ಲ. ನಾಲ್ಕೈದು ಪಾಸ್‌ವರ್ಡ್ ಹಾಕಿ ನೋಡಿದೆವು, ಆಗಲಿಲ್ಲ. ಹಳೆಯದನ್ನು ಅಳಿಸಿ ಮುಂದೆ ಹೋಗು ಅಂತ ಒತ್ತಿದ್ದು ನಾನೇ. ಸ್ಕ್ಯಾನ್ ಎಲ್ಲ ಹೋದವು. ಕಾಗದ ಮನೆಯಲ್ಲೇ ಇದ್ದವು, ಮತ್ತೆ ಕೂತು ಸ್ಕ್ಯಾನ್ ಮಾಡಿದೆ, ಎರಡು ಸಂಜೆ ಹಿಡಿಯಿತು. ಕ್ರೋಮ್‌ಬುಕ್‌ಗಳಲ್ಲಿ ಈಗ ಲೋಕಲ್ ಡೇಟಾ ರಿಕವರಿ ಅನ್ನುವ ಆಯ್ಕೆ ಬಂದಿದೆ, ಆಗ ನಮಗೆ ಅದು ಇರಲಿಲ್ಲ. ಅಪ್ಪನ ಲ್ಯಾಪ್‌ಟಾಪ್‌ನಲ್ಲಿ ಫೈಲ್‌ಗಳು ಸೀದಾ ಡ್ರೈವ್‌ನಲ್ಲೇ ಇಳಿಯುವ ಹಾಗೆ ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ ಜಾಗ ಬದಲಾಯಿಸಿದ್ದೇನೆ. ಇದನ್ನು ಮೊದಲ ದಿನವೇ ಮಾಡಿ.

ಪ್ರಿಂಟರ್ ಕಥೆ ಬೇರೆ. ಮೊದಲೆಲ್ಲ ಕ್ರೋಮ್‌ಬುಕ್‌ನಿಂದ ಪ್ರಿಂಟ್ ತೆಗೆಯಲು ಗೂಗಲ್ ಕ್ಲೌಡ್ ಪ್ರಿಂಟ್ ಅನ್ನುವ ಸೇವೆ ಬೇಕಿತ್ತು. ಪಕ್ಕದಲ್ಲೇ ಇರುವ ಪ್ರಿಂಟರ್‌ಗೆ ಫೈಲ್ ಒಂದು ಸಲ ಇಂಟರ್‌ನೆಟ್ ಸುತ್ತಿಕೊಂಡು ಬರುತ್ತಿತ್ತು. 2020ರ ಡಿಸೆಂಬರ್ 31ಕ್ಕೆ ಅದನ್ನು ಮುಚ್ಚಿದರು. ಈಗ ನೇರವಾಗಿ ಪ್ರಿಂಟ್ ಕೊಡಬಹುದು, ಹೊಸ ವೈಫೈ ಪ್ರಿಂಟರ್‌ಗಳು ಡ್ರೈವರ್ ಕೇಳದೇ ಸಿಗುತ್ತವೆ. ಆದರೆ ವಿಂಡೋಸ್ ಡ್ರೈವರ್ ಸಿಡಿ ಜೊತೆಗೇ ಬರುತ್ತಿದ್ದ ಹಳೇ ಪ್ರಿಂಟರ್‌ಗಳಿವೆಯಲ್ಲ, ಅವುಗಳಲ್ಲಿ ಕೆಲವು ಏನು ಮಾಡಿದರೂ ಕಾಗದ ಎಳೆಯುವುದಿಲ್ಲ. ನಮ್ಮ ಮನೆಯದು ಅಂಥದ್ದೇ. ಅದಕ್ಕೋಸ್ಕರ ಇನ್ನೂ ಒಂದು ವಿಂಡೋಸ್ ಮೆಷಿನ್ ಮೂಲೆಯಲ್ಲಿ ಕೂತಿದೆ.

ಇದೇ ಥರದ ಸಣ್ಣ ಸಣ್ಣ ವಿಷಯಗಳೇ ಕೊನೆಗೆ ಕಾಲಿಗೆ ತೊಡರುವುದು. ಎಕ್ಸೆಲ್ ವೆಬ್‌ನಲ್ಲಿ ಇದೆ, ಆದರೆ ಮ್ಯಾಕ್ರೋ (ಕೆಲಸಗಳನ್ನು ತಾನಾಗಿ ಮಾಡುವ ಪುಟ್ಟ ಕೋಡ್) ಹಾಕಿದ ಶೀಟ್ ಅಲ್ಲಿ ತೆರೆದುಕೊಂಡರೂ ಮ್ಯಾಕ್ರೋ ಓಡುವುದಿಲ್ಲ. ಡಿಜಿಟಲ್ ಸಹಿ ಹಾಕುವ ಯುಎಸ್‌ಬಿ ಟೋಕನ್ ಇದ್ದರೆ ಅದರ ಸಾಫ್ಟ್‌ವೇರ್ ಹೆಚ್ಚಾಗಿ ವಿಂಡೋಸ್‌ಗೇ ಮಾಡಿದ್ದು. ಫೋಟೋ ತಿದ್ದಲು ಫೋಟೊಪೀ ಅನ್ನುವ ಸೈಟ್ ಇದೆ, ಈಗ ಫೋಟೋಶಾಪ್ ಕೂಡ ವೆಬ್‌ನಲ್ಲಿ ಬಂದಿದೆ. ದೊಡ್ಡ ವಿಡಿಯೋ ಎಡಿಟಿಂಗ್, ಆಟಗಳು, ಅಂಥದ್ದಕ್ಕೆ ಇದು ಆಗಿಬರುವುದಿಲ್ಲ. ಆಟಗಳನ್ನು ಕೊಂಡು ಆಡುವ ಸ್ಟೀಮ್ ಅನ್ನು ತರುವ ಪ್ರಯತ್ನವನ್ನೂ ಗೂಗಲ್ 2026ರ ಜನವರಿಗೆ ನಿಲ್ಲಿಸುತ್ತೇವೆ ಅಂದುಬಿಟ್ಟಿತು.

ನನಗೆ ಮನಸ್ಸಿನಲ್ಲಿ ಕೊರೆಯುವುದು ಇವ್ಯಾವುದೂ ಅಲ್ಲ. ಇಡೀ ಮೆಷಿನ್ ಒಂದು ಅಕೌಂಟ್‌ಗೆ ನೇತುಹಾಕಿಕೊಂಡಿದೆ. ಮೇಲ್, ಫೋಟೋ, ಕಾಂಟ್ಯಾಕ್ಟ್ ಮೊದಲೇ ಅಲ್ಲಿತ್ತು, ಈಗ ಕಂಪ್ಯೂಟರ್ ತೆರೆಯುವ ಬಾಗಿಲೂ ಅದೇ. ನಾಳೆ ಯಾವುದೋ ಕಾರಣಕ್ಕೆ ಆ ಅಕೌಂಟ್ ಲಾಕ್ ಆಯಿತು ಅಂತಿಟ್ಟುಕೊಳ್ಳಿ, ಆಗ ಗೆಸ್ಟ್ ಅಂತ ಒಳಗೆ ಬಂದು ಬ್ರೌಸ್ ಮಾಡಬಹುದು, ಅಷ್ಟೇ. ಮುಕ್ತ ಸಾಫ್ಟ್‌ವೇರ್ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್ಮನ್ 2010ರಲ್ಲೇ ಇದನ್ನು ಬೇಜವಾಬ್ದಾರಿ ಕಂಪ್ಯೂಟಿಂಗ್ ಅನ್ನುವ ಅರ್ಥದಲ್ಲಿ ಬೈದಿದ್ದರು. ಆಗ ಓದಿ ಸ್ವಲ್ಪ ಅತಿಯಾಯಿತು ಅನ್ನಿಸಿತ್ತು. ಈಗ ಅಪ್ಪನ ಫೋಟೋಗಳನ್ನು ಆರು ತಿಂಗಳಿಗೊಮ್ಮೆ ಗೂಗಲ್ ಟೇಕ್‌ಔಟ್ (ಅಕೌಂಟ್‌ನಲ್ಲಿರುವುದನ್ನು ಇಳಿಸಿಕೊಳ್ಳುವ ಸೇವೆ) ಮೂಲಕ ಇಳಿಸಿ ಹೊರಗಿನ ಡಿಸ್ಕ್‌ಗೆ ಹಾಕಿಡುತ್ತೇನೆ.

ಹಾಗಾದರೆ ಲಿನಕ್ಸ್ ಮಿಂಟ್ ಅನ್ನುವ ಉಚಿತ ಸಿಸ್ಟಮ್ ಹಾಕಬಹುದಿತ್ತಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹಾಕಬಹುದಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು ಅದೇ. ಅಕೌಂಟ್ ಬೇಡ, ಬೇಕಾದ ಬ್ರೌಸರ್, ಬೇಕಾದ ಪ್ರೋಗ್ರಾಮ್, ಮೆಷಿನ್ ಪೂರ್ತಿ ನಮ್ಮದು. ಪೂರ್ತಿ ನಮ್ಮದು ಅಂದರೆ ಕೆಟ್ಟಾಗಲೂ ಪೂರ್ತಿ ನಮ್ಮದೇ. ಅಂದರೆ ಅಪ್ಪನ ಲ್ಯಾಪ್‌ಟಾಪ್ ವಿಷಯದಲ್ಲಿ, ಪೂರ್ತಿ ನಂದು.

ಹೊಸದೋ ಸೆಕೆಂಡ್‌ಹ್ಯಾಂಡೋ ಕ್ರೋಮ್‌ಬುಕ್ ಕೊಳ್ಳುವವರಿಗೆ ಒಂದು ಮಾತು. ಪ್ರತಿ ಮಾಡೆಲ್‌ಗೂ ಅಪ್‌ಡೇಟ್ ನಿಲ್ಲುವ ತಾರೀಖು ಇರುತ್ತದೆ. ಗೂಗಲ್ 2023ರಲ್ಲಿ ಇದನ್ನು 10 ವರ್ಷಕ್ಕೆ ಏರಿಸಿತು, ಆದರೆ ಆ ಹತ್ತು ವರ್ಷ ಲೆಕ್ಕ ಹಾಕುವುದು ನೀವು ಕೊಂಡ ದಿನದಿಂದ ಅಲ್ಲ, ಆ ಹಾರ್ಡ್‌ವೇರ್ ಮಾರುಕಟ್ಟೆಗೆ ಬಂದ ದಿನದಿಂದ. ಅಂಗಡಿಯಲ್ಲಿ ಪೆಟ್ಟಿಗೆ ಒಡೆಯದೇ ಕೂತಿದ್ದರೂ ಆಯಸ್ಸು ಕರಗುತ್ತಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಕ್ರೋಮ್‌ಒಎಸ್‌ಗೆ ಹೋಗಿ ಹೆಚ್ಚಿನ ವಿವರ ನೋಡಿದರೆ ತಾರೀಖು ಸಿಗುತ್ತದೆ. ಕೊಳ್ಳುವ ಮುಂಚೆ ನೋಡಿ. ಜೊತೆಗೆ 2025ರಲ್ಲಿ ಕ್ರೋಮ್‌ಒಎಸ್ ಮತ್ತು ಆಂಡ್ರಾಯ್ಡ್ ಎರಡನ್ನೂ ಒಂದು ಮಾಡುತ್ತೇವೆ ಅಂತ ಗೂಗಲ್‌ನವರೇ ಹೇಳಿದ್ದಾರೆ.

ಹಾಕಲಾ ಬೇಡ್ವಾ ಅಂತ ನನ್ನನ್ನು ಕೇಳುವ ಮುಂಚೆ ಒಂದು ಕೆಲಸ ಮಾಡಿ. ಈಗಿರುವ ಕಂಪ್ಯೂಟರ್‌ನಲ್ಲೇ ಒಂದು ವಾರ ಬರೀ ಕ್ರೋಮ್‌ನಲ್ಲಿ ಕೆಲಸ ಮಾಡಿ. ಅದರಿಂದ ಹೊರಗೆ ಬಂದು ಬೇರೆ ಯಾವುದೇ ಪ್ರೋಗ್ರಾಮ್ ತೆರೆಯಬೇಕಾದಾಗಲೆಲ್ಲ ಒಂದು ಚೀಟಿಯಲ್ಲಿ ಅದರ ಹೆಸರು ಬರೆದಿಡಿ. ಎಂಟನೇ ದಿನ ಆ ಚೀಟಿ ನೋಡಿ. ನಾನು ಬರೆದಾಗ ನನ್ನದರಲ್ಲಿ ವಿಡಿಯೋ ಎಡಿಟರ್, ಹಳೇ ಪ್ರಿಂಟರ್, ಫೈರ್‌ಫಾಕ್ಸ್, ಎರಡು ಕಡೆ ಬ್ಯಾಕಪ್ ತೆಗೆಯುವ ಒಂದು ಸ್ಕ್ರಿಪ್ಟ್, ಹೀಗೆ ಚೀಟಿಯ ಎರಡೂ ಬದಿ ತುಂಬಿತ್ತು. ಅಪ್ಪನ ಚೀಟಿಯಲ್ಲಿ ಇದ್ದದ್ದು ಒಂದೇ ಹೆಸರು, ಸಾಲಿಟೇರ್. ಅದೋ, ಗೂಗಲ್‌ನಲ್ಲಿ ಹಾಗಂತ ಹುಡುಕಿದರೆ ಅಲ್ಲೇ ಆಡಲು ಸಿಗುತ್ತದೆ.